ಹತ್ತಿ ಗೋದಾಮಿನ ಅರವ ಗುಮಾಸ್ತ

ಬಳ್ಳಾರಿ, ಬ್ರೂಸ್ ಪೇಟೆ
ಖರ ಸಂವತ್ಸರ, ಮಾರ್ಗಶಿರ ಶುದ್ಧ ದಶಮಿ
(ಇಂಗ್ಲಿಷರ ಲೆಕ್ಕದಲ್ಲಿ ೧೮೯೧, ಡಿಸೆಂಬರ್)

ಕುರುಗೋಡಿನ ಕಟ್ಟೆಯ ಮೇಲೆ ಕಾಲು ಮಡಚಿ ಕೂತ ಹಿರಿಯರೇ, ಕಟ್ಟೆಯ ಕೆಳಗೆ ಕಂಬಳಿ ಹಾಸಿಕೊಂಡವರೇ, ಬಾಗಿಲ ಮರೆಯಲ್ಲಿ ಕೇಳಿಯೂ ಕೇಳದಂತಿರುವ ತಾಯಂದಿರೇ, ನಿಮ್ಮ ಭಾಗವತ ಜೋಗಪ್ಪನ ಶರಣು! ಕಾಗದ ಬರೆದಿರುವುದು ಹೆಂಡತಿಗೆ, ನಿಜ. ಆದರೆ ಅವಳಿಗೆ ಓದು ಬಾರದು. ಸಾಲಿ ಮೇಷ್ಟ್ರು ಕೊಟ್ರಬಸಪ್ಪನವರು ಓದಿ ಹೇಳುವಾಗ ಊರಿಗೆ ಊರೇ ನೆರೆಯುತ್ತದೆಂಬುದು ನನಗೆ ತಿಳಿಯದ ಸಂಗತಿಯೇ? ಮೇಷ್ಟ್ರೇ, ಗಂಟಲು ಸರಿಮಾಡಿಕೊಂಡು, ಎದೆ ತುಂಬ ಉಸಿರು ತೆಗೆದುಕೊಂಡು ಓದಿರಿ. ಹೋದ ಸಲ ನನ್ನ ಕಾಗದವನ್ನು ಕಂದಾಯದ ನೋಟೀಸಿನ ಹಾಗೆ ಓದಿದಿರಂತೆ.

ಸೌಭಾಗ್ಯವತಿ ಹಂಪಮ್ಮಳಿಗೆ ಜೋಗಪ್ಪನ ಆಶೀರ್ವಾದ. ನಾನು ಕ್ಷೇಮ. ಕಾಗದ ಬರೆಯಲು ಒಂದೂವರೆ ತಿಂಗಳು ತಡವಾಯಿತು, ಸಿಟ್ಟಾಗಬೇಡ. ಕೈಗೆ ಬಿಡುವಿರಲಿಲ್ಲ, ಮನಸ್ಸಿಗಂತೂ ಇರಲೇ ಇಲ್ಲ. ಪ್ರತಿ ಕಾಗದದ ಕೊನೆಗೆ ನೀನು ಬರೆಸುವ ಒಂದು ಸಾಲು ಈ ಸಲವೂ ಬಂತು: ನಮ್ಮ ಸುಂಕಣ್ಣನ ಸುದ್ದಿ ಏನಾದರೂ ಸಿಕ್ಕಿತೇ? ಹನ್ನೊಂದು ವರ್ಷದ ಹಿಂದೆ ಪಲ್ಟನ್ನಿನ ಡೋಲಿನ ಹಿಂದೆ ಹೋದ ಮಗ. ಸಿಕ್ಕಿಲ್ಲ. ದಂಡಿನ ಪೇಟೆಯಲ್ಲೆಲ್ಲ ವಿಚಾರಿಸುತ್ತಲೇ ಇದ್ದೇನೆ. ಸಿಕ್ಕ ದಿನ ನಾನೇ ಬರೆಯುತ್ತೇನೆ, ಮತ್ತೆ ಮತ್ತೆ ಕೇಳಿಸಬೇಡ.

ಈಗ ಸಭಿಕರು ಕೇಳಬೇಕು. ಇಲ್ಲಿ ಸಾಹುಕಾರರೊಬ್ಬರ ಹತ್ತಿ ಗೋದಾಮಿನಲ್ಲಿ ಹೊಸ ಮೇಳ ಕಟ್ಟುತ್ತಿದ್ದೇನೆ. ಸಂಕ್ರಾಂತಿಗೆ ಆಟ. ನನ್ನ ಅಪ್ಪ ಬರೆದಿಟ್ಟು ಹೋದ, ಈವರೆಗೂ ಯಾರ ಕಿವಿಗೂ ಬೀಳದ ಪ್ರಸಂಗ. ಹೋದ ವರ್ಷ ಆದವಾನಿಯ ಮೇಳವೊಂದು ನಮ್ಮ ಪದಗಳನ್ನು ಕದ್ದು, ಅವನ್ನು ತೆಲುಗಿಗೆ ತಿರುಗಿಸಿ, ನಮ್ಮ ಮುಂದೆಯೇ ಹಾಡಿದ್ದು ನಿಮಗೆ ನೆನಪಿರಬೇಕು. ಅದಕ್ಕೇ ಈ ಸಲ ಗೋದಾಮಿನ ಬಾಗಿಲಿಗೆ ಅಗಳಿ ಹಾಕಿಸಿ ತಾಲೀಮು ನಡೆಸಿದೆ. ಅಂಥಾ ಗೋದಾಮಿಗೆ ಒಂದು ಸಂಜೆ ಪ್ರವೇಶವಾಯಿತು ಒಂದು ಕೊಡೆ. ಕೊಡೆಯ ಹಿಂದೆ ಬಿಳಿ ರುಮಾಲು. ರುಮಾಲಿನ ಕೆಳಗೆ ಒಬ್ಬ ಮನುಷ್ಯ.

ಏಕಾಂಬರ ಮುದಲಿಯಾರ್ ಅಂತ ಹೆಸರು. ವೆಲ್ಲೂರಿನ ಕಡೆಯ ಅರವ, ಆಡುವ ಮಾತು ತಮಿಳು. ಕಾಲುವೆ ಕಚೇರಿಯ ಗುಮಾಸ್ತನಂತೆ. ಸಿರುಗುಪ್ಪಕ್ಕೆ ವರ್ಗವಾಗಿದೆ, ಹುಕುಂ ಬರುವವರೆಗೆ ಬಳ್ಳಾರಿಯಲ್ಲಿ ಕಾಯುತ್ತಿದ್ದಾನೆ, ಸಂಜೆ ಹೊತ್ತು ಹೋಗುವುದಿಲ್ಲ, ಆಟ ಅಂದರೆ ಆಸೆ ಎಂದು ಸಾಹುಕಾರರೇ ಒಳಗೆ ಬಿಟ್ಟರು. ಬಂದವನು ಹತ್ತಿ ಅಂಡಿಗೆಯ ಮೇಲೆ ಕೂತ. ಕೊಡೆ ಪಕ್ಕಕ್ಕಿಟ್ಟ. ಜೇಬಿನಿಂದ ಸೀಸದ ಕಡ್ಡಿ ಮತ್ತು ಸಣ್ಣ ಪುಸ್ತಕ ತೆಗೆದ. ಬರೆಯತೊಡಗಿದ!

ನಾನು ಹಾಡು ನಿಲ್ಲಿಸಿದರೆ ಅವನೂ ನಿಲ್ಲಿಸುತ್ತಿದ್ದ. ನಾನು ಎದ್ದು ಕುಣಿತ ತೋರಿಸಿದರೆ ತಲೆ ಬಗ್ಗಿಸಿ ಬರೆಯುತ್ತಿದ್ದ. ಹತ್ತಿರ ಹೋಗಿ ಇಣುಕಿದೆ. ಸುರುಳಿ ಸುರುಳಿ ಅಕ್ಷರ, ಒಂದೂ ಹತ್ತಲಿಲ್ಲ. ಏನ್ರೀ ಬರೆಯುವುದು ಎಂದು ಕನ್ನಡದಲ್ಲಿ ಕೇಳಿದೆ, ತೆಲುಗಿನಲ್ಲಿ ಕೇಳಿದೆ, ತುರುಕರ ಮಾತಿನಲ್ಲಿ ಕೇಳಿದೆ. ಮೂರಕ್ಕೂ ಕೈ ಮುಗಿದು ನಕ್ಕು, ತನಗೆ ತಿಳಿಯದು ಎಂದು ತಮಿಳಿನಲ್ಲಿ ಹೇಳಿದ. ಕನ್ನಡ ತಿಳಿಯದ ಮನುಷ್ಯ ಕನ್ನಡ ಆಟಕ್ಕೆ ದಿನಾ ಬಂದು ಎರಡು ತಾಸು ಏನು ಬರೆಯುತ್ತಾನೆ? ನೀವೇ ಹೇಳಿರಿ.

ಪರೀಕ್ಷೆ ಮಾಡಿದೆ. ನಮ್ಮ ಹಾಸ್ಯಗಾರ ಚಿದಾನಂದಪ್ಪ, ಕೊಳಗಲ್ಲಿನವನು, ಅತ್ತೆ ಸೊಸೆಯರ ಮಾತೊಂದು ಹೇಳಿದಾಗ ನಾನು ಹಾಸ್ಯಗಾರನನ್ನು ನೋಡಲಿಲ್ಲ, ಗುಮಾಸ್ತನನ್ನು ನೋಡಿದೆ. ಉಳಿದವರು ನಗುವುದಕ್ಕೆ ಮೊದಲೇ ಅವನ ತುಟಿಯ ತುದಿ ಅಲುಗಿತು. ಮೊದಲೇ! ಕನ್ನಡ ಬರುತ್ತದೆ, ಬಾರದೆನ್ನುತ್ತಾನೆ. ಕಳ್ಳನಲ್ಲದೆ ಮತ್ತೇನು?

ಮಾರನೆಯ ದಿನ ಚಿದಾನಂದಪ್ಪನಿಗೆ ಅವನಂತೆಯೇ ರುಮಾಲು ಸುತ್ತಿಸಿದೆ, ಕಂಕುಳಲ್ಲಿ ಕೊಡೆ ಕೊಟ್ಟೆ. ಬಾಯಿಗೆ ಬಂದದ್ದನ್ನು ಅರವರ ಧಾಟಿಯಲ್ಲಿ ಬಡಬಡಿಸುತ್ತ ದ್ವಾರಪಾಲಕನಾಗಿ ಬಾ ಎಂದೆ. ಮೇಳವೆಲ್ಲ ಅಂಡಿಗೆಗಳ ಮೇಲೆ ಬಿದ್ದು ಹೊರಳಿ ನಕ್ಕಿತು. ನಾನೂ ನಡುವೆ ನಿಂತು ಎತ್ತರದ ದನಿಯಲ್ಲಿ ಕೇಳಿದೆ:

"ಏನಲೇ ದ್ವಾರಪಾಲಕ, ನಿನ್ನ ಬಾಯಾಗ ಇರೋದು ಮಾತೋ, ಬಿಸಿ ಅನ್ನವೋ?"

ಗುಮಾಸ್ತನೂ ನಕ್ಕ. ಎಲ್ಲರಿಗಿಂತ ಮೊದಲು ಅವನ ನಗು ನಿಂತಿತು. ಆಮೇಲೆ ಪುಸ್ತಕ ತೆಗೆದು ಒಂದೇ ಉಸಿರಿಗೆ ಪುಟ ತುಂಬ ಬರೆದ. ನಮ್ಮ ಹಾಸ್ಯವನ್ನೂ ಕದಿಯುತ್ತಿದ್ದಾನೆಂದು ನನ್ನ ಹೊಟ್ಟೆ ಉರಿಯಿತು.

ಮೊನ್ನೆ ಅವನು ನೀರು ಕುಡಿಯಲು ಹೊರಗೆ ಹೋದಾಗ ಪುಸ್ತಕ ಅಂಡಿಗೆಯ ಮೇಲೆಯೇ ಉಳಿಯಿತು. ನಿಮ್ಮ ಭಾಗವತ ಏನು ಮಾಡಿದ? ಹೋಗಿ ಅದರ ಮೇಲೆ ಕೂತ! ಅವನು ಬಂದು ಹುಡುಕಿದ. ಅಂಡಿಗೆಯ ಹಿಂದೆ ನೋಡಿದ, ಕೊಡೆ ಬಿಚ್ಚಿ ನೋಡಿದ, ಕೊನೆಗೆ ನನ್ನನ್ನು ನೋಡಿದ. ನಾನು ತಾಳ ಹಾಕುತ್ತಾ ದ್ರೌಪದಿಯ ಮಾನಭಂಗವನ್ನು ಹಾಡುತ್ತಲೇ ಇದ್ದೆ. ಅವನು ಮೆಲ್ಲಗೆ "ಇರುಕ್ಕಟ್ಟುಂ" ಎಂದು, ಕೊಡೆ ಎತ್ತಿಕೊಂಡು ಹೋದ. ಬೈಗುಳವೇ ಇರಬೇಕು. ನಿನ್ನೆ ಬರಲಿಲ್ಲ. ಸಿರುಗುಪ್ಪಕ್ಕೆ ಹೊರಟುಹೋದನಂತೆ. ಪುಸ್ತಕ ಹೋದೊಡನೆ ಕಳ್ಳ ಊರು ಬಿಟ್ಟ, ನೋಡಿರಿ.

ಪುಸ್ತಕ ಈಗ ನನ್ನ ತಲೆದಿಂಬಿನ ಕೆಳಗಿದೆ. ದಂಡಿನ ಪೇಟೆಯಲ್ಲಿ ರಾಯಪ್ಪನ್ ಅಂತ ಪಿಂಚಣಿ ಹವಾಲ್ದಾರನಿದ್ದಾನೆ, ಅವನಿಂದ ಓದಿಸಿ ಒಂದೊಂದೇ ಕದ್ದ ಪದ ಹೊರತೆಗೆಯುತ್ತೇನೆ. ಅಲ್ಲಿಯವರೆಗೆ ಈ ಕಾಗದ ಅಂಚೆಗೆ ಹಾಕುವುದಿಲ್ಲ.

ದ್ವಾದಶಿ, ಸಂಜೆ

ಮೇಷ್ಟ್ರೇ, ಇಲ್ಲಿಗೆ ನಿಲ್ಲಿಸಿ. ಕಟ್ಟೆಯವರಿಗೆ ಕೈ ಮುಗಿದು, ಎದ್ದು ನಮ್ಮ ಮನೆಗೆ ಹೋಗಿ. ಇನ್ನು ಮುಂದಿನದು ಹಂಪಮ್ಮಳ ಕಿವಿಗೆ ಮಾತ್ರ.

ಹಂಪಮ್ಮಾ, ಮೇಲೆ ಬರೆದಿದ್ದನ್ನೆಲ್ಲ ಹರಿದು ಹಾಕಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ. ಆಮೇಲೆ ಇರಲಿ ಎಂದೆ. ನಾನು ಎಂಥವನೆಂದು ನಿನಗೆ ತಿಳಿಯಬೇಕು.

ನಿನ್ನೆ ಮಧ್ಯಾಹ್ನ ರಾಯಪ್ಪನ್ ಮನೆಯ ಜಗಲಿಯಲ್ಲಿ ಕೂತೆ. ಮುದುಕ ಕನ್ನಡಕ ಹಾಕಿಕೊಂಡು ಒಂದು ಸಾಲು ತಮಿಳಿನಲ್ಲಿ ಓದುವುದು, ಆಮೇಲೆ ಕನ್ನಡದಲ್ಲಿ ಹೇಳುವುದು ಎಂದು ಮಾತಾಯಿತು. ನಾನು ಪದ ಹಿಡಿಯಲು ಬೆರಳು ಎಣಿಸುತ್ತ ತಯಾರಾದೆ. ಅವನು ಮೊದಲ ಸಾಲು ಓದಿದ: "ಮೇಲ್ ಪಲ್ ಇರಂಡು ಇಲ್ಲೈ."

ಅವನು ಕನ್ನಡದಲ್ಲಿ ಹೇಳುವುದಕ್ಕೆ ಮೊದಲೇ ನನ್ನ ಕೈ ಬಾಯಿಗೆ ಹೋಯಿತು. ಮೇಲಿನ ಹಲ್ಲು ಎರಡು ಇಲ್ಲ. ನನ್ನವೇ! ಬಿಸಿ ಅನ್ನವೆಂದು ನಾನು ಆಡಿಕೊಂಡ ಮಾತು ಯಾರ ಸಹಾಯವೂ ಇಲ್ಲದೆ ನೆಟ್ಟಗೆ ಬಂದು ನನ್ನೊಳಗೆ ಕೂತಿತು. ಹೊರಗಿನವರದೆಂದು ಬಾಗಿಲಲ್ಲೇ ನಿಲ್ಲಿಸಿದ್ದ ಮಾತು, ನೋಡಿದರೆ ನಮ್ಮ ಮನೆಯ ಮೂಗು ಮೋರೆಯನ್ನೇ ಹೊತ್ತಿದೆ. ಆಗಲೂ ನನಗೆ ಬಂದದ್ದು ಅನುಮಾನವೇ. ನನ್ನ ಹಲ್ಲು ಎಣಿಸುವವನು ಪೊಲೀಸಿನವನಿರಬೇಕು, ಯಾರೋ ನನ್ನ ಮೇಲೆ ಅರ್ಜಿ ಕೊಟ್ಟಿರಬೇಕು ಎಂದುಕೊಂಡೆ.

ಮುದುಕ ಮುಂದೆ ಓದಿದ. ಇವರು ಎರಡು ಲೋಟ ಮಜ್ಜಿಗೆ ಕುಡಿಯುತ್ತಾರೆ. ಎಡಗಾಲು ಎಳೆದು ಹಾಕುತ್ತಾರೆ, ಆದರೆ ಕುಣಿಯುವಾಗ ಎಳೆಯುವುದಿಲ್ಲ. ಕೆಮ್ಮು ಇದೆ, ಕಫದಲ್ಲಿ ರಕ್ತವಿಲ್ಲ. ಹೀಗೇ ಪುಟ ಪುಟ. ನಮ್ಮ ಪ್ರಸಂಗದ ಒಂದು ಪದವೂ ಇಲ್ಲ. ರಾಯಪ್ಪನ್ ಪುಸ್ತಕದ ಮೊದಲ ಪುಟಕ್ಕೆ ಹಿಂದಿರುಗಿ, ಇದು ಅಳಿಯನಿಗೆ ಬರೆದಿರೋ ಕಾಗದಗಳ ಕರಡು ಕಣಪ್ಪಾ ಎಂದು, ತಲೆಬರಹ ಓದಿದ: ಉಂಗಳ್ ತಂದೈಯೈ ಇನ್ರು ಪಾರ್ತೇನ್.

"ತಂದೈ ಅಂದ್ರ..." ಎಂದು ಅವನು ಶುರು ಮಾಡಿದ.

"ಗೊತ್ತೈತಿ, ಮುಂದಕ್ಕ ಓದು" ಎಂದೆ.

ನಿಮ್ಮ ತಂದೆಯನ್ನು ಇವತ್ತು ಕಂಡೆ. ಹೀಗಿತ್ತು ಹಂಪಮ್ಮಾ ಆ ಸಾಲು. ಸುಂಕಣ್ಣ ಬದುಕಿದ್ದಾನೆ. ವೆಲ್ಲೂರಿನಲ್ಲಿದ್ದಾನೆ. ಮುದಲಿಯಾರರ ಮಗಳನ್ನು ಮದುವೆಯಾಗಿದ್ದಾನೆ, ನಾಲ್ಕು ವರ್ಷದ ಮಗಳಿದ್ದಾಳೆ, ನಿನ್ನ ಹೆಸರೇ ಇಟ್ಟಿದ್ದಾನೆ. ಬೀಗರಿಗೆ ಕನ್ನಡ ಬರುತ್ತಿತ್ತು. ನನ್ನ ಅನುಮಾನ ಅಲ್ಲೊಂದು ಕಡೆ ಮಾತ್ರ ಸರಿಯಾಗಿತ್ತು. ಕಲಿಸಿದವನು ನಮ್ಮ ಮಗ. ನೀವು ಯಾರೆಂದು ಹೇಳಬೇಡಿರಿ, ಸುಮ್ಮನೆ ನೋಡಿ ಬನ್ನಿರಿ, ಅಪ್ಪನ ಮನಸ್ಸು ಮೆತ್ತಗಾಗಿದ್ದರೆ ಸಂಕ್ರಾಂತಿಗೆ ಹೆಂಡತಿ ಮಗಳನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಕಳಿಸಿದ್ದಾನೆ.

ಹವಾಲ್ದಾರ ತಾನೇ ಕಟ್ಟಿ ಹೇಳುತ್ತಿದ್ದಾನೆಂದು ಎರಡೆರಡು ಸಲ ಓದಿಸಿದೆ. ಕೊನೆಯ ಪುಟಕ್ಕೆ ಬಂದಾಗ ಮುದುಕ ಕನ್ನಡಕ ತೆಗೆದು, ಇದು ಬೇಡ ಬಿಡು ಅಂದ. ಬಿಡಲಿಲ್ಲ. ಅದರಲ್ಲಿದ್ದದ್ದು: "ಇವತ್ತು ನನ್ನ ಕೊಡೆಯನ್ನೂ ನಮ್ಮ ಮಾತನ್ನೂ ಆಡಿಸಿ ನಗಿಸಿದರು. ನಾನೂ ನಕ್ಕೆ. ದನಿ ಗಟ್ಟಿಯಾಗಿದೆ, ಅವರ ದೇಹದ ಬಗ್ಗೆ ಚಿಂತೆ ಬೇಡ. ಆದರೆ ಮಗುವನ್ನು ಈಗ ಇಲ್ಲಿಗೆ ತರಬೇಡಿ. ಅದು ಬಾಯಿ ತೆರೆದರೆ ಬರುವುದು ತಮಿಳೇ."

ಇರುಕ್ಕಟ್ಟುಂ ಎಂದರೆ ಏನೆಂದು ಕೇಳಿದೆ. ಇರಲಿ ಅಂತ ಎಂದ.

ನಿನಗೆ ನನ್ನ ಆಶೀರ್ವಾದ. ಪಕ್ಕದ ಮನೆಯ ಜೋಗಮ್ಮಕ್ಕನಿಗೆ ನಮಸ್ಕಾರ ತಿಳಿಸು. ಅಳುವುದಿದ್ದರೆ ಮೇಷ್ಟ್ರು ಎದ್ದು ಹೋದ ಮೇಲೆ ಅಳು. ದೇವರು ನಿನ್ನ ಕಣ್ಣುಗಳನ್ನು ಇನ್ನೂ ಕೆಲವು ಕಾಲ ಚೆನ್ನಾಗಿಡಲಿ, ನೋಡಬೇಕಾದದ್ದು ಇದೆ.

ಇಂತು,
ಕುರುಗೋಡು ಜೋಗಪ್ಪ

ಮರೆತ ಮಾತು: ಮರೆತಿಲ್ಲ, ಹನ್ನೊಂದು ವರ್ಷ ನುಂಗಿಕೊಂಡದ್ದು. ಸುಂಕಣ್ಣ ಡೋಲಿನ ಹಿಂದೆ ಹೋಗಲಿಲ್ಲ. ದಂಡಿನ ಪೇಟೆಯಲ್ಲಿ ನಾನು ಒಂದು ದಿನವೂ ವಿಚಾರಿಸಲಿಲ್ಲ. ಸಿರುಗುಪ್ಪದ ಆಟದಲ್ಲಿ ಅವನು ಅಭಿಮನ್ಯು. ಊರು ಬದಲಿಸುತ್ತಿದ್ದ ಪಲ್ಟನ್ನೊಂದು ಅಲ್ಲಿ ಬಿಡಾರ ಹೂಡಿತ್ತು. ಸಿಪಾಯಿಗಳ ಹೆಂಗಸರು ಮುಂದೆ ಕೂತಿದ್ದರು, ಮಾತು ತಿಳಿಯದೆ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ತಾಯಿಯನ್ನು ಬೀಳ್ಕೊಡುವ ಪದದ ನಡುವೆ ಇವನು ಅವರಿಗಾಗಿ, ಅವರ ಬಿಡಾರದಲ್ಲೇ ಕೇಳಿ ಕಲಿತ ತಮಿಳಿನ ನಾಲ್ಕು ಸಾಲು ಸೇರಿಸಿ ಹಾಡಿದ. ಆ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡರು. ನಾನು ತಾಳ ನಿಲ್ಲಿಸಿದೆ.

ಪದದ ನಡುವೆ ಭಾಗವತ ತಾಳ ಮಡಚಿದರೆ ವೇಷಧಾರಿ ಅಲ್ಲೇ, ಜನರೆದುರಿಗೇ, ಗೆಜ್ಜೆ ಬಿಚ್ಚಿ ಇಳಿಯಬೇಕು; ಆ ಭಾಗವತ ಕರೆಯದೆ ಮತ್ತೆ ಕಟ್ಟುವಂತಿಲ್ಲ. ನಮ್ಮ ಮನೆತನದ ಕಟ್ಟಳೆ. ಅಪ್ಪ ಒಂದೇ ಸಲ ಹಾಗೆ ಮಾಡಿದ್ದ, ಕುಡಿದು ಬಂದವನೊಬ್ಬನಿಗೆ. ನಾನು ಮಾಡಿದ್ದು ಮಗನಿಗೆ, ನಾಲ್ಕು ಸಾಲಿಗೆ. ಅವನು ಗೆಜ್ಜೆ ಬಿಚ್ಚಿ ನನ್ನ ಮುಂದಿಟ್ಟು, ಕಾಲು ಮುಟ್ಟಿದ. ನಾನು ಅಂದೆ: "ಹೋಗಲೇ, ಅರವರ ತಾಳಕ್ಕ ಕುಣಿಯಾಕ ಹೋಗು." ಅವನು ನಾನು ಹೇಳಿದ ಕಡೆಗೇ ಹೋದ. ನಿನಗೆ ಬಂದು ಸುಳ್ಳು ಹೇಳಿದೆ.

ಮೇಷ್ಟ್ರೇ, ಹಂಪಮ್ಮ ಒಪ್ಪಿದರೆ ಈ ಕೊನೆಯ ಭಾಗವನ್ನು ಕಟ್ಟೆಗೆ ಹೋಗಿ, ನಿಮಗಿರುವಷ್ಟೂ ದನಿಯಲ್ಲಿ ಓದಿರಿ. ನಾನು ಮಾಡಿದ್ದು ಜನರೆದುರಿಗೆ.

ಮುದಲಿಯಾರರು ಆ ಕೊನೆಯ ಕಾಗದವನ್ನು ವೆಲ್ಲೂರಿಗೆ ಹಾಕಿದ್ದಾರೋ ಇಲ್ಲವೋ ತಿಳಿಯದು. ನಾಳೆ ಬೆಳಿಗ್ಗೆ ಸಿರುಗುಪ್ಪದ ಗಾಡಿ ಹತ್ತುತ್ತೇನೆ. ಅವರ ಬಿಡಾರದ ಹೊಸ್ತಿಲ ಹೊರಗೆ ಕೂತು, ಪುಸ್ತಕ ಮುಂದಿಟ್ಟು, ಅದರ ಖಾಲಿ ಪುಟದಲ್ಲಿ ನಾನು ಹೇಳಿದ್ದನ್ನು ನಿಮ್ಮ ಅಕ್ಷರದಲ್ಲೇ ಬರೆಯಿರಿ ಬೀಗರೇ, ತಾಳ ಮಡಚಿದವನೇ ಕರೆಯುತ್ತಿದ್ದಾನೆ ಎಂದು ಬರೆಯಿರಿ, ಎಂದು ಕೇಳುತ್ತೇನೆ.