ಕೀರ್ತನೆಯ ಕೊನೆಗೆ ಅಜ್ಜಿಯ ರುಜು

ಬೊಮ್ಮಸಂದ್ರ
೨೩-೮-೧೯೯೫, ಬುಧವಾರ

ಅಮರೇಶಪ್ಪಾ,

ಹೋದ ವಾರ ಒಂದು ಮಧ್ಯಾಹ್ನ ಅಡ್ಡಾಗಿದ್ದಾಗ ಒಂದು ಕೆಟ್ಟ ಕನಸು ಬಿತ್ತು. ಈ ಮನೆಯ ಬೈಬಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದೇನೆ. ಬೆರಳಿಟ್ಟ ಕಡೆಯ ಅಕ್ಷರಗಳೆಲ್ಲ ಇರುವೆಗಳ ಹಾಗೆ ಬೆರಳಿಗೆ ಹತ್ತಿ ಬರುತ್ತಿವೆ, ಹಾಳೆ ಬೆಳ್ಳಗಾಗುತ್ತಿದೆ. ಎದುರಿಗೆ ಉಮಾಳ ಅತ್ತೆ ಸೊಣ್ಣಮ್ಮ ನಿಂತು ‘ಓದ್ರೀ, ಓದ್ರೀ’ ಅನ್ನುತ್ತಿದ್ದಾರೆ. ಎದ್ದವಳೇ ಬೆರಳನ್ನು ಸೆರಗಿಗೆ ಒರೆಸಿಕೊಂಡೆ ನೋಡು! ಅದು ನಿಜವಾದೀತೋ ಏನೋ ಅನ್ನುವ ಅಂಜಿಕೆಗೆ ನಿನಗೆ ಕಾಗದ ಬರೆಯುವುದೂ ತಡವಾಯಿತು. ಸಿಟ್ಟಾಗಬೇಡ. ಈಗ ಅಂಜಿಕೆ ಹೋಗಿದೆ, ಎಲ್ಲ ಸುಸೂತ್ರವಾಗಿದೆ. ಆದರೂ ಮೊದಲಿಂದಲೇ ಬರೆಯುತ್ತೇನೆ.

ಅಪ್ಪನ ಬಿ.ಪಿ. ಗುಳಿಗೆ ಮುಗಿದಿರಬೇಕು, ತಂದುಕೊಟ್ಟೆಯಾ? ಹಿತ್ತಲ ಬಾಗಿಲಿನ ಚಿಲಕ ಸಡಿಲಾಗಿದೆ, ಮರೆಯಬೇಡ.

ಸೊಣ್ಣಮ್ಮನವರು ಕಣ್ಣಿನ ಪೊರೆ ತೆಗೆಸಿಕೊಂಡು ಹೊಸೂರಿನಲ್ಲಿರುವ ಮಗಳ ಮನೆಗೆ ಹೋದರು. ನಮ್ಮ ಉಮಾ ಔಷಧಿ ಫ್ಯಾಕ್ಟರಿಯಲ್ಲಿ, ಅವಳ ಗಂಡ ಜಯಶೀಲ ಲೇತ್ ಕೆಲಸದಲ್ಲಿ. ಇಬ್ಬರ ಶಿಫ್ಟೂ ಹಿಂದುಮುಂದು. ಮಕ್ಕಳನ್ನು ನೋಡಿಕೊಳ್ಳಲು ಜನ ಇಲ್ಲದೆ ಹೋದಾಗಲೇ ಅವಳು, ಕ್ರಿಸ್ತರ ಮನೆಗೆ ಮದುವೆಯಾಗಿ ಹೋಗಿ ಒಂಬತ್ತು ವರ್ಷವಾದ ಮೇಲೆ, ನನ್ನನ್ನು ಬಾ ಅಂತ ಕರೆದದ್ದು. ಅಪ್ಪ ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ, ಮುಖ ತಿರುಗಿಸಿ ಕುಳಿತರು. ಏಳು ವರ್ಷದ ಲಾವಣ್ಯ, ನಾಲ್ಕೂವರೆ ವರ್ಷದ ಸಾಮು. ಮೊಮ್ಮಕ್ಕಳ ಮುಖ ನೋಡಿದ್ದೇ ಈಗ.

ಹೊಸೂರಿಗೆ ಹೊರಡುವಾಗ ಸೊಣ್ಣಮ್ಮ ನನ್ನನ್ನು ಪಕ್ಕಕ್ಕೆ ಕರೆದರು. “ಊಟ ತಿಂಡಿ ಎಂಗೋ ಆಯ್ತದೆ ಕಣಮ್ಮ. ಮಕ್ಳ ಕಂಠವಾಕ್ಯ ತಪ್ಪಬಾರ್ದು. ಇಪ್ಪತ್ನೇ ತಾರೀಕು ಸಂಡೇ ಸ್ಕೂಲ್ ಪರೀಕ್ಷೆ ಐತೆ. ನಿಮ್ ಕೈಲಿ ಆಗಾಕಿಲ್ಲ ಅಂದ್ರೆ ಈಗ್ಲೇ ಏಳ್ಬುಡಿ, ಇಬ್ರನ್ನೂ ನನ್ ಜೊತೆ ಕರ್ಕೊಂಡೋಯ್ತೀನಿ” ಅಂದರು. ಬೈಬಲ್ಲಿನ ವಾಕ್ಯವನ್ನು ಪುಸ್ತಕ ನೋಡದೆ ಹೇಳುವುದಕ್ಕೆ ಇವರು ಕಂಠವಾಕ್ಯ ಅನ್ನುತ್ತಾರೆ.

ಆಗುತ್ತದೆ ಅಂದುಬಿಟ್ಟೆ. ಮೂರನೇ ಇಯತ್ತೆ ಮುಗಿಯುವ ಮೊದಲೇ ನಮ್ಮವ್ವ ತೀರಿಕೊಂಡು ನನ್ನ ಪಾಟಿ ಒಲೆಯ ಗೂಡು ಸೇರಿದ್ದು ನಿನಗೆ ಗೊತ್ತಲ್ಲ. ನಾನೇನು ಕಲಿಸಲಿ? ಮಕ್ಕಳು ತಪ್ಪಿದರೆ ಅವರನ್ನು ಹೊಸೂರಿಗೆ ಕರೆದುಕೊಂಡು ಹೋಗುತ್ತಾರೆ, ನನ್ನನ್ನು ಬಸ್ಸು ಹತ್ತಿಸುತ್ತಾರೆ. ಮತ್ತೆ ಯಾವ ನೆಪದಲ್ಲಿ ಬರಲಿ?

ಮೊದಲ ದಿನವೇ ಎಡವಟ್ಟು. ಪ್ರತಿ ವಾಕ್ಯದ ಮುಂದೆ ಸಣ್ಣದಾಗಿ ಅಂಕಿ ಅಚ್ಚು ಹಾಕಿದ್ದಾರೆ. ಅದನ್ನೂ ಸೇರಿಸಿ ಓದಿಸಿದೆ. “ಅಜ್ಜೀ, ಅದು ನಂಬರ್ರು, ಬಾಯಲ್ಲಿ ಹೇಳಬಾರ್ದು” ಅಂದಳು ಲಾವಣ್ಯ. “ಮತ್ಯಾಕೆ ಹಾಕ್ಯಾರ?” ಅಂದೆ. “ದೇವ್ರು ಎಣಿಸ್ಕೊಳಕ್ಕೆ” ಅಂದ ಸಾಮು.

ಪುಸ್ತಕ ಹಿಡಿದು ಕಲಿಸುವುದು ನನ್ನಿಂದಾಗದು ಅಂತ ಗೊತ್ತಾಯಿತು. ನಮ್ಮಜ್ಜಿ ನನಗೆ ವಚನ ಕಲಿಸಿದ ಹಾಗೆಯೇ ಕಲಿಸಿದೆ. ಅಕ್ಕಿ ಆರಿಸುವಾಗ ಒಂದು, ಹುಣಸೆ ಬೀಜ ಬಿಡಿಸುವಾಗ ಒಂದು, ಲಾವಣ್ಯಳ ಜಡೆ ಹೆಣೆಯುವಾಗ ಒಂದು. ನಾನು ಬೆರಳಿಟ್ಟು ಕೂಡಿಸಿ ಓದುವುದು, ಅವಳು ಅದನ್ನು ನೆಟ್ಟಗೆ ಮಾಡಿ ಹೇಳುವುದು, ಸಾಮು ಅವಳ ಹಿಂದೆ ಗುನುಗುವುದು. ಶ್ರಾವಣದಲ್ಲಿ ಲಿಂಗಪೂಜೆ ಮುಗಿಸಿ ಎದ್ದು ಆ ಪುಸ್ತಕವನ್ನು ಮೊದಲೆರಡು ದಿನ ಸೆರಗಿನಲ್ಲಿ ಹಿಡಿದು ತೆರೆದೆ. ಆಮೇಲೆ ಪರೀಕ್ಷೆಯ ಚಿಂತೆಯೇ ದೊಡ್ಡದಾಯಿತು.

ಕಲಿಯಬೇಕಾದದ್ದು ದೇವರೇ ನನ್ನ ಕುರುಬ ಅನ್ನುವ ಕೀರ್ತನೆ, ಆರೇ ವಾಕ್ಯ. ಕುರಿಹಟ್ಟಿಯ ಪಕ್ಕದಲ್ಲಿ ಬೆಳೆದ ನನಗೆ ಅದರ ಅರ್ಥವನ್ನು ಯಾರೂ ಹೇಳಬೇಕಾಗಲಿಲ್ಲ. ಈ ಮಕ್ಕಳು ಕುರಿ ಕಂಡಿರುವುದು ಹೊಸೂರು ರಸ್ತೆಯ ಮಟನ್ ಅಂಗಡಿಯಲ್ಲಿ. ಕುಂಟುವ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಳ್ಳುವುದು, ಕತ್ತಲಾಗುವ ಮೊದಲು ನೀರಿಗೆ ಬಿಡುವುದು, ಎಲ್ಲ ಹೇಳಿದೆ. “ಕುರುಬಂಗೆ ಶಿಫ್ಟ್ ಇಲ್ವಾ ಅಜ್ಜಿ?” ಅಂತ ಕೇಳಿದ ಸಾಮು. “ಇಲ್ಲಪ್ಪಾ, ಅವನದು ಒಂದೇ ಶಿಫ್ಟು, ಮನೀಗೆ ಹೋಗೂ ಹಂಗಿಲ್ಲ” ಅಂದೆ.

ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ಕುಳಿತೆ. ಸೊಣ್ಣಮ್ಮ ಕರಿ ಕನ್ನಡಕ ಹಾಕಿಕೊಂಡು ಬಂದು ಮುಂದೆ ಕುಳಿತಿದ್ದರು. ಅಕ್ಕ ತಮ್ಮ ಇಬ್ಬರೂ ಕೈ ಹಿಡಿದುಕೊಂಡು ನಿಂತು ಆರೂ ವಾಕ್ಯ ಹೇಳಿದರು, ಒಂದಕ್ಷರ ತಪ್ಪಲಿಲ್ಲ. ಲಾವಣ್ಯ ಕೈ ಮುಗಿದಳು. ನಾನಿನ್ನೂ ಉಸಿರು ಬಿಟ್ಟಿಲ್ಲ, ಸಾಮು ಎದೆಯುಬ್ಬಿಸಿ ಚರ್ಚೆಲ್ಲ ಕೇಳುವ ಹಾಗೆ “ಬೇವಿನಹಳ್ಳಿಯ ಬಸವಲಿಂಗಾ!” ಅಂದುಬಿಟ್ಟ.

ಅದು ನನ್ನ ಮಾತೇ ಅಮರೇಶಾ. ನಮ್ಮಜ್ಜಿ ಏನು ಹೇಳಿಕೊಟ್ಟರೂ ಕೊನೆಗೆ ಮನೆದೇವರ ಅಂಕಿತ ಹಾಕದೆ ಬಿಡುತ್ತಿರಲಿಲ್ಲ. ಅದಿಲ್ಲದೆ ಮಾತು ಮುಗಿಯುವುದಿಲ್ಲ ಅಂತ ನಮಗೆ ರೂಢಿ. ದಿನಾ ಕೀರ್ತನೆ ಮುಗಿದಾಗ ಅದು ನನ್ನ ಬಾಯಿಂದ ತಾನಾಗಿ ಬಂದಿರಬೇಕು, ನನಗೇ ಎಚ್ಚರವಿಲ್ಲ. ಹುಡುಗ ಅದನ್ನು ಏಳನೆಯ ವಾಕ್ಯ ಅಂತ ಕಲಿತಿದ್ದಾನೆ!

ಪಾದ್ರಿ ಅಯ್ಯನವರು ಬಗ್ಗಿ, “ಕೊನೇದು ಏನ್ ಹೇಳ್ದೆ ಮರೀ?” ಅಂದರು. ಅವನು ಇನ್ನೂ ಜೋರಾಗಿ ಹೇಳಿದ. ಯಾರೋ ಕಿಸಕ್ಕನೆ ನಕ್ಕರು. ನಾನು ಮನಸ್ಸಿನಲ್ಲೇ ಊರಿಗೆ ಹೊರಡಲು ಬಟ್ಟೆ ಗಂಟು ಕಟ್ಟತೊಡಗಿದೆ.

ಸೊಣ್ಣಮ್ಮ ಎದ್ದು ನಿಂತರು. “ಅಯ್ನೋರೆ, ಗಾಬ್ರಿ ಆಗೋ ಇಸ್ಯ ಏನಲ್ಲ. ಕಲಿಸಿದ ಅಜ್ಜಿ ಕೊನೇಗೆ ರುಜು ಆಕವ್ರೆ, ಅಷ್ಟೇಯ. ಆರು ವಾಕ್ಯ ಸರಿ ಐತಾ ಇಲ್ವಾ, ಅದ್ ಏಳಿ.”

“ಸರಿಯಾಗಿದೆ ಸೊಣ್ಣಮ್ಮ. ಇಬ್ರಿಗೂ ಪೂರ್ತಿ ಮಾರ್ಕ್ಸು. ರುಜುಗೆ ಮಾತ್ರ ಮಾರ್ಕ್ಸ್ ಇಲ್ಲ” ಅಂದರು ಅಯ್ಯನವರು. ಚರ್ಚೆಲ್ಲ ನಕ್ಕಿತು. ಉಮಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಚಿಕ್ಕವಳಿದ್ದಾಗ ನಗುತ್ತಿದ್ದ ಹಾಗೆಯೇ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಹೊರಗೆ ಬಂದ ಮೇಲೆ ಸೊಣ್ಣಮ್ಮ ತಡಕಾಡಿ ನನ್ನ ಕೈ ಹಿಡಿದರು. “ನನ್ ಕಣ್ಣು ಸರಿಯಾದ್ರೂ ನೀವ್ ಓಗ್ಬ್ಯಾಡಿ. ನಾನ್ ಓದ್ತೀನಿ, ನೀವ್ ಬಾಯ್ಗೆ ಬರ್ಸಿ. ಕ್ರಿಸ್ಮಸ್‌ಗೆ ಉದ್ದದ್ದು ಕೊಡ್ತಾರೆ” ಅಂದು, “ರುಜು ಒಂದ್ ಬ್ಯಾಡ” ಅಂತ ಚಿವುಟಿದರು. ಅವತ್ತಿನಿಂದ ಹಸಿವೆ ಆಗುತ್ತಿದೆ, ನಿದ್ದೆಯೂ ಬರುತ್ತಿದೆ.

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು. ಆ ಬಸವಲಿಂಗ ನಿನ್ನನ್ನು ತಣ್ಣಗಿಟ್ಟಿರಲಿ. ಲಾವಣ್ಯ, ಸಾಮು ನಿನಗೆ ‘ಸ್ತೋತ್ರ ಮಾಮಾ’ ಎಂದು ಹೇಳಿದ್ದಾರೆ. ಅದು ಇವರ ನಮಸ್ಕಾರ, ತಪ್ಪು ತಿಳಿಯಬೇಡ.

ನಿನ್ನವ್ವ
ಚನ್ನಬಸಮ್ಮ

ತಾ.ಕ.: ಇದನ್ನು ಅಪ್ಪನ ಮುಂದೆ ಓದಬೇಡ. ನಿನ್ನೆ ಲಾವಣ್ಯ ಬೈಬಲ್ಲಿನ ಮೊದಲ ಹಾಳೆ ತೋರಿಸಿದಳು. ಮನೆಯಲ್ಲಿ ಹುಟ್ಟಿದವರ, ಮನೆಗೆ ಬಂದವರ ಹೆಸರನ್ನು ಅಲ್ಲಿ ಬರೆದಿಡುವುದು ಇವರ ಪದ್ಧತಿ. ‘ಉಮಾಶ್ರೀ, ಕೊಟ್ರಪ್ಪ ಚನ್ನಬಸಮ್ಮನವರ ಮಗಳು’ ಅಂತ ಮಸಿಯಲ್ಲಿ ಬರೆದಿದ್ದಾರೆ. ಒಂಬತ್ತು ವರ್ಷದಿಂದ ನಾನೂ ನಿನ್ನಪ್ಪನೂ ಅಲ್ಲಿದ್ದೇವೆ. ನಿಮ್ಮಿಬ್ಬರ ಹುಟ್ಟಿದ ವೇಳೆ ಬರೆದಿಟ್ಟ ನಮ್ಮ ಪುಸ್ತಕದಲ್ಲಿ, ಅವಳು ಮದುವೆಯಾದಾಗ, ಅಪ್ಪ ಅವಳ ಹೆಸರು ಹೊಡೆದು ಹಾಕಿದರಲ್ಲ, ಅವತ್ತು ಪೆನ್ನು ತಂದುಕೊಟ್ಟವಳು ನಾನೇ. ಕೇಳುವ ಮೊದಲೇ ತಂದುಕೊಟ್ಟೆ. ಉಮಾಗೆ ಇದು ಗೊತ್ತಿಲ್ಲ. ಹೋದ ವರ್ಷ ನೀನು ನೋಡಿ, ಒಂದೇ ಗೆರೆ ಎಳೆದಿದ್ದಾರೆ, ಹೆಸರು ಓದಲು ಬರುತ್ತದೆ ಅಂದಿದ್ದೆ. ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿ ನನಗೆ ಬರೆದು ತಿಳಿಸು.