ಘನದೊಳಗಿನ ಬದು

ಜನವರಿ 6, ಸೋಮವಾರ. ಸಂಜೆ 5

ಎಲ್ಲರೂ ಮನೆಗೆ ಹೋದರು. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ನಾನೊಬ್ಬಳೇ. ಹತ್ತನೆಯವರ ಪೇಪರ್ ತಿದ್ದಿದೆ. ಹುಲಿಗವ್ವ ಮತ್ತೆ (a+b)² ಅಂದರೆ a²+b² ಎಂದು ಬರೆದಿದ್ದಾಳೆ. 2ab ಎಲ್ಲಿಗೆ ಹೋಯಿತೇ ತಾಯಿ? ಬಾಯಿಪಾಠಕ್ಕೆ ಬಗ್ಗುವುದಲ್ಲ ಇದು, ಕಣ್ಣಿಗೆ ತೋರಿಸಬೇಕು. ಕಂಪ್ಯೂಟರಿನಲ್ಲಿ ಪೈಥಾನ್ ಕೋಡ್ ಬರೆದೆ, ತೆರೆಯ ಮೇಲೆ ಚೌಕ ಬಂತು — ನಾಲ್ಕು ತುಂಡು, ನಾಲ್ಕು ಬಣ್ಣ. ಇನ್ನು (a+b)³, ಅದರ ಘನ.

ಹೆಡ್‌ಮಾಸ್ಟರ್ ದ್ಯಾಮಣ್ಣ ಸರ್ ಹೇಳಿದರು, ಮುಂದಿನ ಸೋಮವಾರ ಕೊಪ್ಪಳದಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರಂತೆ. ಲ್ಯಾಬ್ ಬಳಸುತ್ತಿಲ್ಲ ಅನಿಸಿದರೆ ಕಂಪ್ಯೂಟರೆಲ್ಲ ಗಂಗಾವತಿಯ ಶಾಲೆಗೆ. ಅದು ಹೇಗೆ ಒಯ್ಯುತ್ತಾರೋ ನೋಡೇ ಬಿಡುತ್ತೇನೆ.

ಜನವರಿ 9, ಗುರುವಾರ

ಘನ ಬಂತು. ಎಂಟು ತುಂಡು. ಮೌಸ್ ಎಳೆದರೆ ಬಿಚ್ಚುತ್ತದೆ, ಬಿಟ್ಟರೆ ಕೂಡುತ್ತದೆ. ಲೆಕ್ಕ ಮಾತ್ರ ಹಾಳು. a ಮೂರು, b ಎರಡು ಇಟ್ಟೆ. ತುಂಡುಗಳ ಘನಫಲದ ಮೊತ್ತ 125. ಕೂಡಿದ ಘನದ ಹೊರ ಅಂಚು ಹಿಡಿದು ಗುಣಿಸಿದರೆ 140.6! ಇದನ್ನು ಸಾಹೇಬರಿಗೆ ತೋರಿಸಿದರೆ ಮಂಗಳಾರತಿಯೇ. ವಿಜ್ಞಾನದ ಗೌರೀಶ ಸರ್ ಬಾಗಿಲಲ್ಲಿ ನಿಂತು, ಚಾಕ್‌ಪೀಸೇ ಛಲೋ ಇತ್ತಲ್ಲ ಟೀಚರ್ ಅಂದರು. ಮೈ ಉರಿಯಿತು.

ಜನವರಿ 12, ಭಾನುವಾರ

ಅವ್ವನ ಜೊತೆ ಗದ್ದೆಗೆ, ನಾಟಿಯವರಿಗೆ ಬುತ್ತಿ. ಬದುವಿನ ಮೇಲೆ ನಡೆಯುತ್ತಿದ್ದವಳು ಅಲ್ಲೇ ನಿಂತೆ. ಈ ಮಡಿಗೂ ಸೇರದ, ಆ ಮಡಿಗೂ ಸೇರದ ಬದು... ಅಯ್ಯೋ ನನ್ನ ಬುದ್ಧಿಯೇ. ಬೇರೆ ಬೇರೆ ಕಾಣಲಿ ಎಂದು ತುಂಡುಗಳ ನಡುವೆ 0.2 ಗ್ಯಾಪ್ ಬಿಟ್ಟವಳು ನಾನೇ; ಕೂಡಿದರೂ ಅದು ಉಳಿದು, ಅಂಚು 5ರ ಬದಲು 5.2. ಬದುವಿಲ್ಲದ ಗದ್ದೆ ಕಂಡವಳಲ್ಲ, ಅನುಮಾನವೇ ಬರಲಿಲ್ಲ. ಬಿಚ್ಚಿದಾಗ ಗ್ಯಾಪ್ ಇರಲಿ, ಕೂಡಿದಾಗ ಸೊನ್ನೆ. ಮನೆಗೆ ಓಡಿದೆ, ಲ್ಯಾಪ್‌ಟಾಪ್ ತೆರೆದೆ — 125! ಖಾಲಿ ಬುಟ್ಟಿ ಹೊತ್ತು ಒಬ್ಬಳೇ ಬಂದ ಅವ್ವ ಬೈದಳು. ಬೈಯಲಿ.

ಜನವರಿ 13, ಸೋಮವಾರ

ಗೆದ್ದೆ. ಬೆಳಿಗ್ಗೆ ಮಕ್ಕಳಿಗೆ ತೋರಿಸಿದ್ದೆ, ಮಧ್ಯಾಹ್ನ ಸಾಹೇಬರು. ನಾನು ಬಾಯಿ ತೆರೆಯುವ ಮೊದಲೇ ಹುಲಿಗವ್ವನನ್ನು ಎಬ್ಬಿಸಿ, 3a²b ಎಲ್ಲಿಂದ ಬಂತು ಎಂದರು. ಅವಳು ಮೌಸ್ ಹಿಡಿದು ಘನ ಬಿಚ್ಚಿದಳು.

"ಇದು ನೋಡ್ರಿ ಸರ್, ಮ್ಯಾಲಿನ ಮೈ ಎ ಸ್ಕ್ವೇರ್, ದಪ್ಪ ಬಿ. ಇಂಥಾವು ಮೂರು ಅದಾವ. ಇವನ್ನ ಬಿಟ್ರ ಘನ ತುಂಬಂಗಿಲ್ರಿ."

ಸಾಹೇಬರು ಕುರ್ಚಿ ಎಳೆದುಕೊಂಡು ತಾವೂ ಬಿಚ್ಚಿದರು, ಕೂಡಿಸಿದರು. ಕಂಪ್ಯೂಟರೆಲ್ಲ ಇನ್ನು ಇಲ್ಲೇ ಇರುತ್ತವೆ. ದ್ಯಾಮಣ್ಣ ಸರ್ ಲ್ಯಾಬಿನ ಕೀಲಿಯನ್ನು ನನ್ನ ಕೈಗೇ ಕೊಟ್ಟರು. ಗೌರೀಶ ಸರ್ ಚಹಾ ತರಿಸಿದರು, ನಾನೂ ಬೇಡ ಅನ್ನಲಿಲ್ಲ. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ.

ಜನವರಿ 14, ಮಂಗಳವಾರ. ಬೆಳಿಗ್ಗೆ

ಹಬ್ಬ. ಅವ್ವ ಸಜ್ಜೆ ರೊಟ್ಟಿ ಬಡಿಯುತ್ತಿದ್ದಾಳೆ, ನಾನು ಲ್ಯಾಬಿನಲ್ಲಿ. ಹುಲಿಗವ್ವ ನಿನ್ನೆ ಹೋಗುವಾಗ ಕೇಳಿದಳು, "ಟೀಚರ್, ಎ ಪ್ಲಸ್ ಬಿ ನಾಕರ ಘಾತ ಹೆಂಗ ಕಾಣ್ತದ್ರಿ?" ಉದ್ದ, ಅಗಲ, ಎತ್ತರ — ಮೂರೂ ಮುಗಿದವು. ಇಡೀ ಘನವನ್ನೇ a ಸಲ ಸಾಲಾಗಿ ಇಟ್ಟು, ಪಕ್ಕದಲ್ಲಿ b ಸಲ... ತಡಿ, ಬಂತು, ಎಂಟೆರಡಲೆ ಹದಿನಾರು ತುಂಡು! ಡೈರಿ ಆಮೇಲೆ, ಮೊದಲು ಕೋಡ್—