ಜಿನೀವಾದಲ್ಲಿ ಕೈಬಿಟ್ಟ ಸಾಲು

ಮಿರಜ, ದಸರೆಯ ಮರುದಿನ, 1935

ಜಿನೀವಾದಲ್ಲಿರುವ ನಮ್ಮ ಮಂಗಲಳ ತಂದೆಯವರ ಚರಣಗಳಿಗೆ ಕೃಷ್ಣಾಬಾಯಿಯ ನಮಸ್ಕಾರಗಳು.

ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆದೆ. ನಿಜ ಹೇಳಬೇಕೆಂದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಿಂದಿನ ಓಣಿಯಲ್ಲಿ ಮುಂಜಾನೆಯಿಂದ ಯಾರೋ ತಂಬೂರಿಗೆ ತಂತಿ ಬಿಗಿಯುತ್ತಿದ್ದಾರೆ, ಅದು ಶ್ರುತಿಗೆ ಬರುತ್ತಿಲ್ಲ, ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ.

ನಿಮ್ಮ ಕಾಗದ ಬಂತು. ನಿಮ್ಮ ಅಣ್ಣ, ನಮ್ಮ ಭಾವನವರು, ಓಣಿಗೆಲ್ಲ ಕೇಳುವಂತೆ ಓದಿದರು. ನಮ್ಮ ಕಡೆಯ ಸಣ್ಣ ಸಂಸ್ಥಾನಗಳೆಲ್ಲ ಕೂಡಿ ರಾಷ್ಟ್ರಸಂಘದ ಮುಂದೆ ಮಕ್ಕಳ ಹಿತದ ಬಗ್ಗೆ ಒಂದೇ ನಿವೇದನೆ ಇಟ್ಟಿವೆ, ಅದನ್ನು ಬರೆದ ಕಾರಕೂನ ನೀವು ಎಂದು ಕೇಳಿ ನನಗೂ ಹೆಮ್ಮೆಯಾಯಿತು. ಸಾಂಗಲಿ ಎಲ್ಲಿ, ಮಿರಜ ಎಲ್ಲಿ ಎಂದು ಕೇಳುವವರ ಮುಂದೆ ಒಟ್ಟಾಗಿ ನಿಂತದ್ದು ಸಣ್ಣ ಮಾತಲ್ಲ. ಆದರೆ ಮುಂದೆ ನೀವೇ ಬರೆದಿದ್ದೀರಿ: ಹದಿನಾಲ್ಕು ತುಂಬದ ಹುಡುಗಿಯರಿಗೆ ಮದುವೆ ಮಾಡುವುದಿಲ್ಲ ಎಂಬ ಸಾಲಿಗೆ ಒಂದು ಸಂಸ್ಥಾನ ಒಪ್ಪಲಿಲ್ಲ, ಒಮ್ಮತ ಒಡೆಯಬಾರದೆಂದು ಆ ಸಾಲನ್ನೇ ಕೈಬಿಟ್ಟೆವು, ಆಮೇಲೆ ಎಲ್ಲರೂ ಸಹಿ ಹಾಕಿದರು.

ಆ ಸಾಲಿನಲ್ಲಿ ನಮ್ಮ ಮಂಗಲ ಇದ್ದಳು. ಅವಳಿಗೆ ಹನ್ನೆರಡು.

ಭಾವನವರು ಮಾಲಗಾಂವದ ಕುಲಕರ್ಣಿಯವರ ಮಗನಿಗೆ ಅವಳನ್ನು ಕೊಡುವೆನೆಂದು ಮಾತು ಕೊಟ್ಟಿದ್ದಾರೆ. ಇಂಗ್ರೇಜರ ಕಾಯಿದೆ ಸಂಸ್ಥಾನದ ಗಡಿಯಾಚೆಗೇ ನಿಲ್ಲುತ್ತದೆ, ನಮಗೇನು ಭಯ ಅನ್ನುತ್ತಾರೆ. ನಾನು ಬಾಗಿಲ ಮರೆಯಲ್ಲಿ ನಿಂತು ಬೇಡವೆಂದೆ. "ನನ್ನ ತಮ್ಮ ದತ್ತೂ ಸುದ್ದಾ ಒಗ್ಗಟ್ಟಿನ ಸಲುವಾಗಿ ಆ ಮಾತ ಬಿಟ್ಟಾನ. ನಮ್ಮ ಮನಿಗೂ ಒಂದ ಬಾಯಿ ಇರ್ಬೇಕ" ಎಂದು ನಿಮ್ಮ ಕಾಗದವನ್ನೇ ತೋರಿಸಿದರು. ಆ ಬಾಯಿ ಅವರದೇ ಎಂದು ಬೇರೆ ಹೇಳಬೇಕೆ?

ನಿನ್ನೆಯೇ ನಿಶ್ಚಯದ ಸಕ್ಕರೆ ಹಂಚುವುದಿತ್ತು. ಹೆತ್ತವಳ ಕೈಯಿಂದ ಬೀಗಿತಿಯ ಉಡಿ ತುಂಬದೆ ನಮ್ಮ ಮನೆಯಲ್ಲಿ ಸಕ್ಕರೆ ಹಂಚುವುದಿಲ್ಲವಲ್ಲ. ನನಗೋ ಕಾಗೆ ಮುಟ್ಟಿ, ಹಿತ್ತಿಲ ಪಡಸಾಲೆಯಲ್ಲಿ ಹೊರಗೆ ಕೂತಿದ್ದೆ. ಬಂದವರು ಚಹಾ ಕುಡಿದು ಬಂಡಿ ಹತ್ತಿದರು. "ಮುಹೂರ್ತ ನೋಡೇ ಕುಂತಾಳ ನೋಡ್ರಿ!" ಎಂದು ಅತ್ತೆಯವರು ಇನ್ನೂ ಬೈಯುತ್ತಿದ್ದಾರೆ. ಈಗ ಸಕ್ಕರೆ ದೀಪಾವಳಿ ಪಾಡ್ಯಕ್ಕೆ, ಲಗ್ನ ತುಳಸೀ ಲಗ್ನದ ಮರುದಿನ.

ಅಪ್ಪ ಅಲ್ಲಿ ಯಾರ ಪರವಾಗಿ ಮಾತಾಡಲು ಹೋಗಿದ್ದಾರೆ ಎಂದು ಮಂಗಲ ದೂರದಿಂದಲೇ ಕೇಳಿದಳು. ಎಲ್ಲರ ಪರವಾಗಿ ಎಂದೆ. ಆಮೇಲೆ ಅವಳ ಮುಖ ನೋಡಲಾಗಲಿಲ್ಲ.

ನೀವು ಅಣ್ಣನೆದುರು ತಲೆಯೆತ್ತಿ ಮಾತಾಡಿದವರಲ್ಲ, ಬಲ್ಲೆ. ಅಷ್ಟೊಂದು ರಾಜರನ್ನು ಒಂದು ಕಾಗದಕ್ಕೆ ತಂದವರಿಗೆ ಒಬ್ಬ ಅಣ್ಣ ಹೆಚ್ಚೇ? ಈ ಲಗ್ನ ಬೇಡ ಎಂದು ತಾರು ಮಾಡಿ. ಹುಡುಗಿಯ ತಂದೆ ಒಪ್ಪದಿದ್ದರೆ ಕುಲಕರ್ಣಿಯವರು ಹಿಂದೆ ಸರಿಯುತ್ತಾರೆ, ಅವರು ಮರ್ಯಾದಸ್ಥರು. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅದಕ್ಕಿಂತ ಹೆಚ್ಚು ಹೆದರಿಕೆಯಿದೆ.

ಅಲ್ಲಿ ಥಂಡಿ ಎಂದು ಬರೆದಿದ್ದಿರಿ. ಕಿವಿಗೆ ಮಫ್ಲರ್ ಕಟ್ಟಿಕೊಳ್ಳಿ.

ತಾರಿನವನ ದಾರಿ ಕಾಯುತ್ತಿರುವ,
ನಿಮ್ಮ ಕೃಷ್ಣಾ

ತಾ.ಕ.: ನನಗೆ ಕಾಗೆ ಮುಟ್ಟಿರಲಿಲ್ಲ. ಪಾಡ್ಯ ತಿಂಗಳು ತುಂಬುವ ಮೊದಲೇ ಬರುತ್ತದೆ, ಅತ್ತೆಯವರು ಬೆರಳು ಮಡಚಿ ಎಣಿಸುವವರು. ಈ ಸುಳ್ಳು ತಿಂಗಳಿಗೆ ಒಂದೇ ಸಲ ನಡೆಯುತ್ತದೆ.